30 ಅಡಿ ಟ್ರೇಲರ್, ಹಾಫ್-ಟನ್ ಪಿಕಪ್: ಎಳೆಯುತ್ತೆ ಅಂತಾರೆ, ಹೊರುತ್ತಾ?

ಮೊದಲ ಹಿಚ್

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಈ ಚರ್ಚಾ ವೇದಿಕೆಯಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಹತ್ತಿರ ಹಾಫ್-ಟನ್ ಪಿಕಪ್ ಇದೆ, ಅಂದರೆ ದೊಡ್ಡ ಪಿಕಪ್‌ಗಳಲ್ಲಿ ಹಗುರ ವರ್ಗದ್ದು. ಕ್ರೂ ಕ್ಯಾಬ್, ಫೋರ್ ವೀಲ್ ಡ್ರೈವ್, ಟರ್ಬೊ ಪೆಟ್ರೋಲ್ ಎಂಜಿನ್. ಕಂಪನಿಯ ಪುಸ್ತಕದಲ್ಲಿ 11,200 ಪೌಂಡ್ ಎಳೆಯುತ್ತದೆ ಅಂತ ಇದೆ. ಈಗ 30 ಅಡಿಯ ಟ್ರಾವೆಲ್ ಟ್ರೇಲರ್ ಒಂದನ್ನು ನೋಡಿದ್ದೇವೆ. ಖಾಲಿ ತೂಕ 6,800 ಪೌಂಡ್. ಪೂರ್ತಿ ತುಂಬಿದಾಗ ಮೀರಬಾರದ ತೂಕ, ಅಂದರೆ ಜಿವಿಡಬ್ಲ್ಯೂಆರ್, 8,600. ಮಾರುವವರು "ನಿಮ್ಮ ಪಿಕಪ್‌ಗೆ ಇದು ಯಾವ ಲೆಕ್ಕ" ಅಂದರು.

11,200ರಲ್ಲಿ 8,600 ಕಳೆದರೂ 2,600 ಪೌಂಡ್ ಉಳಿಯುತ್ತದೆ ಅಲ್ವಾ? ನನಗೆ ಸಾಕು ಅನಿಸುತ್ತಿದೆ. ಹೆಂಡತಿಗೆ ಯಾಕೋ ಧೈರ್ಯ ಬರುತ್ತಿಲ್ಲ. ಇಬ್ಬರು ಮಕ್ಕಳಿದ್ದಾರೆ. ಬೇಸಿಗೆ ರಜೆಯಲ್ಲಿ ಕೊಲೊರಾಡೊ ಬೆಟ್ಟಗಳ ಕಡೆ ಹೋಗುವ ಆಸೆ. ಮುಂಗಡ ಇನ್ನೂ ಕೊಟ್ಟಿಲ್ಲ. ಕೊಡುವ ಮೊದಲು ಏನೇನು ನೋಡಬೇಕು, ದಯವಿಟ್ಟು ಹೇಳಿ.

ತೂಕದ ಚೀಟಿ

ಮುಂಗಡ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಒಂದು ಕೆಲಸ ಮಾಡಿ. ಡ್ರೈವರ್ ಕಡೆಯ ಬಾಗಿಲು ತೆಗೆಯಿರಿ. ಬಾಗಿಲ ಕಂಬದ ಮೇಲೆ ಟೈರ್ ಗಾಳಿಯ ಒತ್ತಡ ಬರೆದಿರುವ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ ಒಂದು ಸಾಲು ಇರುತ್ತದೆ. ಆ ಅಂಕಿ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಮೊದಲ ಹಿಚ್

ನೋಡಿದೆ ಸರ್. 1,560 ಪೌಂಡ್. ಆದರೆ ಇದು ಹಿಂದೆ ಬೆಡ್‌ನಲ್ಲಿ, ಅಂದರೆ ಪಿಕಪ್‌ನ ತೆರೆದ ತೊಟ್ಟಿಯಲ್ಲಿ, ಹೇರುವ ಸಾಮಾನಿಗೆ ಅಲ್ವಾ? ಟ್ರೇಲರ್ ತನ್ನ ಚಕ್ರಗಳ ಮೇಲೆ ತಾನೇ ನಿಂತಿರುತ್ತದಲ್ಲ?

ತೂಕದ ಚೀಟಿ

ಬಹಳ ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಟ್ರೇಲರ್‌ನ ಪೂರ್ತಿ ತೂಕ ಅದರ ಚಕ್ರಗಳ ಮೇಲೆ ಇರುವುದಿಲ್ಲ. ಎತ್ತಿನ ಗಾಡಿ ನೆನೆಸಿಕೊಳ್ಳಿ. ಹೊರೆ ಹೇರುವಾಗ ಮುಂಭಾರ, ಹಿಂಭಾರ ನೋಡುತ್ತಾರೆ. ಹಿಂದೆ ಜಾಸ್ತಿ ಆದರೆ ನೊಗ ಮೇಲೆದ್ದುಬಿಡುತ್ತದೆ. ಮುಂದೆ ಜಾಸ್ತಿ ಆದರೆ ಎತ್ತಿನ ಕತ್ತು ಕುಸಿಯುತ್ತದೆ. ಇಲ್ಲಿ ನಿಮ್ಮ ಪಿಕಪ್ಪೇ ಎತ್ತು. ಟ್ರಾವೆಲ್ ಟ್ರೇಲರ್ ನೆಟ್ಟಗೆ ಓಡಬೇಕಾದರೆ ಅದರ ತೂಕದ ಶೇ. 10ರಿಂದ 15ರಷ್ಟು ಹಿಚ್ ಬಾಲ್ ಮೇಲೆ, ಅಂದರೆ ಪಿಕಪ್ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡಿನ ಮೇಲೆ, ಕೂರಲೇಬೇಕು. ಇದಕ್ಕೆ ಟಂಗ್ ವೇಟ್ ಅಂತಾರೆ. ಈ ತೂಕವನ್ನು ಪಿಕಪ್ ಎಳೆಯುವುದಿಲ್ಲ, ಹೊರುತ್ತದೆ. ಎಳೆಯುವುದಕ್ಕೆ 11,200ರ ಲೆಕ್ಕ. ಹೊರುವುದಕ್ಕೆ 1,560ರ ಲೆಕ್ಕ. ಎರಡೂ ಬೇರೆ ಬೇರೆ. ಹಾಫ್-ಟನ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮೊದಲು ಮುಗಿದುಹೋಗುವುದು ಹೊರುವ ಶಕ್ತಿ.

ಈಗ ನಿಮ್ಮ ಟ್ರೇಲರ್ ತೆಗೆದುಕೊಳ್ಳೋಣ. ಖಾಲಿ ತೂಕ 6,800 ಅಂದಿರಿ. ಆ ತೂಕದಲ್ಲಿ ಯಾರೂ ಟ್ರೇಲರ್ ಎಳೆಯುವುದಿಲ್ಲ. ಬ್ಯಾಟರಿ, ಪ್ರೊಪೇನ್, ಪಾತ್ರೆ, ಹಾಸಿಗೆ, ಬಟ್ಟೆ, ಕುರ್ಚಿ, ನೀರಿನ ಪೈಪು, ಮಕ್ಕಳ ಸೈಕಲ್ಲು ಎಲ್ಲ ಸೇರಬೇಕು. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್ ಚಿಲ್ಲರೆ. 50 ಗ್ಯಾಲನ್ ಟ್ಯಾಂಕ್ ತುಂಬಿದರೆ ಅದೇ 400 ಪೌಂಡ್ ದಾಟುತ್ತದೆ. 8,000 ಪೌಂಡ್ ಅಂತ ಇಟ್ಟುಕೊಳ್ಳೋಣ. ಟಂಗ್ ವೇಟ್ ಶೇ. 13 ಅಂದರೆ 1,040. ಹಿಚ್ ಉಪಕರಣಕ್ಕೆ 90. ನೀವು ನಾಲ್ಕು ಜನ, ಮಕ್ಕಳ ಸೀಟು ಸೇರಿ 620 ಅಂದುಕೊಳ್ಳುತ್ತೇನೆ. ಒಟ್ಟು 1,750.

ನಿಮ್ಮ ಸ್ಟಿಕ್ಕರ್ ಹೇಳುವುದು 1,560. ಬೆಡ್‌ನಲ್ಲಿ ಒಂದು ಕೊಡೆ ಕೂಡ ಇಡುವ ಮೊದಲೇ 190 ಪೌಂಡ್ ಜಾಸ್ತಿ ಆಯಿತು.

ಇನ್ನೊಂದು ಮಾತು. ಟ್ರೇಲರ್ ಪುಸ್ತಿಕೆಯಲ್ಲಿ ಹಿಚ್ ತೂಕ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ, ಅದನ್ನು ನಂಬಿ ಕೂರಬೇಡಿ. ಅದು ಖಾಲಿ ಟ್ರೇಲರ್‌ನದು. ಬ್ಯಾಟರಿ ಮತ್ತು ಪ್ರೊಪೇನ್ ಸಿಲಿಂಡರ್‌ಗಳನ್ನು ಸಾಮಾನ್ಯವಾಗಿ ಟಂಗ್ ಮೇಲೇ, ಅಂದರೆ ಟ್ರೇಲರ್‌ನ ಮುಂಚಾಚಿನ ಮೇಲೇ, ಕೂರಿಸಿರುತ್ತಾರೆ. 20 ಪೌಂಡ್ ಅನಿಲದ ಸಿಲಿಂಡರ್ ಒಂದು ತುಂಬಿದಾಗ 37 ಪೌಂಡ್ ಹತ್ತಿರ ತೂಗುತ್ತದೆ. ಅಂಥವು ಎರಡು.

ಹಳೇ ಪಿಕಪ್

ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂಬತ್ತು ವರ್ಷದಿಂದ ಹಾಫ್-ಟನ್ ಹಿಂದೆ 8,400 ಪೌಂಡ್ ಟ್ರೇಲರ್ ಎಳೆಯುತ್ತಿದ್ದೇನೆ. ಏನೂ ಆಗಿಲ್ಲ. ಸ್ಟಿಕ್ಕರ್ ಅಂಕಿಯಲ್ಲಿ ಕಂಪನಿಯವರು ಜಾಗ ಬಿಟ್ಟೇ ಇರುತ್ತಾರೆ. ಜೊತೆಗೆ ತೂಕ ಹಂಚುವ ಹಿಚ್ ಹಾಕಿದರೆ ಆ 1,040 ಪೂರ್ತಿ ಪಿಕಪ್ ಮೇಲೆ ಕೂರುವುದೂ ಇಲ್ಲ. ಒಂದಿಷ್ಟು ಮುಂದಿನ ಆಕ್ಸಲ್‌ಗೆ ಹೋಗುತ್ತದೆ, ಒಂದಿಷ್ಟು ವಾಪಸ್ ಟ್ರೇಲರ್ ಚಕ್ರಗಳಿಗೆ. ನಾನು ನೋಡುವುದು ಆಕ್ಸಲ್ ಮಿತಿ ಮತ್ತು ಟೈರ್ ಮಿತಿ. ಅವೆರಡೂ ಒಳಗಿದ್ದರೆ ನನಗೆ ಸಾಕು. ಹೊಸಬರನ್ನು ಅಂಕಿಗಳಿಂದ ಹೆದರಿಸುವುದು ಬೇಡ ಅನ್ನೋದು ನನ್ನ ಅಭಿಪ್ರಾಯ.

ತೂಕದ ಚೀಟಿ

ಬೇಜಾರೇನಿಲ್ಲ ಸರ್, ಹಿಚ್ ವಿಷಯದಲ್ಲಿ ನೀವು ಹೇಳಿದ್ದರಲ್ಲಿ ನಿಜ ಇದೆ. ಎಷ್ಟು ನಿಜ ಅಂತ ನಾನು ತೂಗಿ ನೋಡಿದ್ದೇನೆ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್ ತೂಕದ ಸೇತುವೆಯಲ್ಲಿ ಮೂರು ಸಲ ತೂಗಿಸಿದೆ. ನಾನು, ನನ್ನ ಹೆಂಡತಿ ಇಬ್ಬರೇ, ಟ್ಯಾಂಕ್ ಫುಲ್, ಬೆಡ್ ಖಾಲಿ.

ಬರೀ ಪಿಕಪ್, ಟ್ರೇಲರ್ ಬಿಚ್ಚಿ, ಹಿಚ್ ಮಾತ್ರ ಹಾಗೇ ಬಿಟ್ಟು: ಮುಂದಿನ ಆಕ್ಸಲ್ 3,320, ಹಿಂದಿನದು 2,700. ಒಟ್ಟು 6,020.

ಟ್ರೇಲರ್ ಹಾಕಿ, ತೂಕ ಹಂಚುವ ಹಿಚ್‌ನ ಸ್ಪ್ರಿಂಗ್ ಬಾರ್‌ಗಳನ್ನು ಸಡಿಲ ಬಿಟ್ಟು: ಮುಂದೆ 2,960, ಹಿಂದೆ 4,100, ಟ್ರೇಲರ್ ಚಕ್ರಗಳು 6,980.

ಬಾರ್‌ಗಳನ್ನು ಬಿಗಿದು: ಮುಂದೆ 3,140, ಹಿಂದೆ 3,830, ಟ್ರೇಲರ್ ಚಕ್ರಗಳು 7,070.

ಈಗ ಓದಿ ನೋಡಿ. ಬಾರ್ ಇಲ್ಲದೆ ಪಿಕಪ್‌ನ ಎರಡು ಆಕ್ಸಲ್ ಸೇರಿ 7,060. ಬರೀ ಪಿಕಪ್ 6,020. ವ್ಯತ್ಯಾಸ 1,040, ಅದೇ ಟಂಗ್ ವೇಟ್. ಟ್ರೇಲರ್ ಒಟ್ಟು 8,020, ಹಾಗಾಗಿ ಶೇ. 13. ಬಾರ್ ಬಿಗಿದ ಮೇಲೆ ಟ್ರೇಲರ್ ಚಕ್ರಗಳಿಗೆ ವಾಪಸ್ ಹೋದದ್ದು ಬರೀ 90 ಪೌಂಡ್. ಅಂದರೆ ಇನ್ನೂ 950 ಪೌಂಡ್ ಪಿಕಪ್ ಮೇಲೇ ಇದೆ. ಹಿಚ್ ಉಪಕರಣದ ತೂಕವೂ ಹೆಚ್ಚುಕಮ್ಮಿ 90. ತಂದದ್ದೂ ಅಷ್ಟೇ, ಕಳೆದದ್ದೂ ಅಷ್ಟೇ.

ಹಾಗಂತ ಅದು ಬೇಡ ಅನ್ನುತ್ತಿಲ್ಲ. ಅದರ ನಿಜವಾದ ಕೆಲಸ ಬೇರೆ. ಟ್ರೇಲರ್ ಹಾಕಿದಾಗ ಮುಂದಿನ ಚಕ್ರಗಳ ಮೇಲಿಂದ 360 ಪೌಂಡ್ ಎದ್ದುಹೋಗಿತ್ತು. ಸ್ಟೀರಿಂಗ್‌ಗೆ ತಿರುಗುವುದು, ಹೆಚ್ಚು ಬ್ರೇಕ್ ಹಿಡಿಯುವುದು ಮುಂದಿನ ಚಕ್ರಗಳೇ ಅಲ್ವಾ. ಅದರಲ್ಲಿ ಅರ್ಧ, 180 ಪೌಂಡ್, ವಾಪಸ್ ಬಂತು. ನನ್ನ ಗಾಡಿಯ ಹಿಂದಿನ ಆಕ್ಸಲ್ ಮಿತಿ 4,050. ಬಾರ್ ಇಲ್ಲದಿದ್ದಾಗ ಅದೂ ಮೀರಿತ್ತು. ಬಾರ್ ಬಿಗಿದಾಗ ಒಳಗೆ ಬಂತು. ಗಾಡಿಯ ಒಟ್ಟು ಮಿತಿ 7,100. ಬಾರ್ ಬಿಗಿದಾಗಿನ ತೂಕ 6,970. ಇಬ್ಬರೇ ಕೂತಿರುವಾಗ ನನಗೆ ಉಳಿದಿರುವುದು 130 ಪೌಂಡ್. ಇಬ್ಬರು ಮಕ್ಕಳನ್ನು ಕೂರಿಸಿದರೆ ಆಯಿತು, ಮುಗಿಯಿತು.

ಹಳೇ ಪಿಕಪ್

ಮೂರು ಸಲ ತೂಗಿಸಿದ್ದು ಒಳ್ಳೆಯ ಕೆಲಸ. ನಾನು ಒಂದೇ ಸಲ ತೂಗಿಸಿದ್ದು, ಅದೂ ತೂಕ ಹಂಚಿದ ಮೇಲೆ. ಟಂಗ್ ವೇಟ್ ಬೇರೆಯಾಗಿ ನೋಡಿಲ್ಲ. ಈ ವಾರ ನೋಡುತ್ತೇನೆ.

ನಿಧಾನವೇ ಚೆನ್ನ

ಇದನ್ನು ಎಲ್ಲೂ ಬರೆದಿರಲಿಲ್ಲ. ಮಕ್ಕಳ ಜೊತೆ ಹೋಗುತ್ತೇವೆ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು 28 ಅಡಿಯ ಟ್ರೇಲರ್. ಎರಡು ವರ್ಷದ ಹಿಂದೆ ನಾಲ್ಕು ಸೈಕಲ್ ಇಡುವ ಸ್ಟ್ಯಾಂಡನ್ನು ಟ್ರೇಲರ್‌ನ ಹಿಂದಿನ ಬಂಪರ್‌ಗೆ ಹಾಕಿದೆ. ನೀರಿನ ಟ್ಯಾಂಕ್ ಆಕ್ಸಲ್‌ಗಿಂತ ಹಿಂದೆ ಇತ್ತು, ಅದನ್ನೂ ತುಂಬಿದೆ. ಜನರೇಟರ್ ಪಿಕಪ್‌ನಲ್ಲಿ ಇಡುತ್ತಿದ್ದೆ, ಆ ಸಲ ಹಿಂದಿನ ಡಬ್ಬಿಯಲ್ಲಿ ಇಟ್ಟೆ. ಪಿಕಪ್ ಹಿಂಭಾಗ ಕುಸಿದಿರಲಿಲ್ಲ. ಎಲ್ಲ ನೆಟ್ಟಗೆ, ಚೆನ್ನಾಗಿ ಕಾಣುತ್ತಿತ್ತು. ಅದೇ ನನ್ನನ್ನು ಮೋಸ ಮಾಡಿದ್ದು.

ಬಯಲು ಹೆದ್ದಾರಿ, ಪಕ್ಕದಿಂದ ಗಾಳಿ, ಸಣ್ಣ ಇಳಿಜಾರು. ಗಂಟೆಗೆ 65 ಮೈಲಿ ಹತ್ತಿರ ಇದ್ದೆ. ದೊಡ್ಡ ಟ್ರಕ್ ಒಂದು ಪಕ್ಕದಲ್ಲಿ ದಾಟಿತು. ಮೊದಲು ಅದರ ಗಾಳಿ ನಮ್ಮನ್ನು ಹೊರಗೆ ತಳ್ಳಿತು, ಆಮೇಲೆ ಒಳಗೆ ಎಳೆಯಿತು. ಟ್ರೇಲರ್ ಒಮ್ಮೆ ಬಲಕ್ಕೆ ಬಾಲ ಬೀಸಿತು. ಆಮೇಲೆ ಎಡಕ್ಕೆ, ಇನ್ನೂ ದೊಡ್ಡದಾಗಿ. ನಾನು ಸ್ಟೀರಿಂಗ್ ತಿರುಗಿಸಿ ಸರಿ ಮಾಡಲು ಹೋದೆ, ಬ್ರೇಕ್ ಒತ್ತಿದೆ. ಎರಡೂ ತಪ್ಪು. ಪಿಕಪ್‌ನ ಹಿಂಭಾಗವೇ ಪಕ್ಕಕ್ಕೆ ಜಾರುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಬ್ರೇಕ್ ಕಂಟ್ರೋಲರ್‌ನ ಕೈ ಗುಂಡಿಯನ್ನು ಒತ್ತಿ ಹಿಡಿದಳು. ಟ್ರೇಲರ್ ಚಕ್ರಗಳು ಮಾತ್ರ ಬ್ರೇಕ್ ಹಿಡಿದವು. ಹಗ್ಗ ಜಗ್ಗಿದ ಹಾಗೆ ಟ್ರೇಲರ್ ನಮ್ಮ ಹಿಂದೆ ನೆಟ್ಟಗಾಯಿತು. ಪಕ್ಕಕ್ಕೆ ನಿಲ್ಲಿಸಿದ ಮೇಲೆ ಹತ್ತು ನಿಮಿಷ ನನ್ನ ಕೈ ನಡುಗುತ್ತಿತ್ತು. ಹಿಂದೆ ಮಗಳು ಅಳುತ್ತಿದ್ದಳು.

ಮುಂದಿನ ಊರಲ್ಲಿ ತೂಗಿಸಿದೆ. ಟ್ರೇಲರ್ 7,400, ಟಂಗ್ ವೇಟ್ 560. ಶೇ. 8 ಕೂಡ ಇಲ್ಲ.

ದಯವಿಟ್ಟು ನೆನಪಿಡಿ. ಟ್ರೇಲರ್ ತೂಗಾಡಲು ಶುರು ಮಾಡಿದರೆ ಕಾಲನ್ನು ಆಕ್ಸಿಲರೇಟರ್‌ನಿಂದ ತೆಗೆಯಿರಿ. ಪಿಕಪ್ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ, ತೂಗಾಟದ ಹಿಂದೆ ಹೋಗಬೇಡಿ. ಕೈಯಿಂದ ಟ್ರೇಲರ್ ಬ್ರೇಕ್ ಹಾಕಿ. ವೇಗ ಹೆಚ್ಚಿಸಿ ನೆಟ್ಟಗೆ ಮಾಡಬಹುದು ಅಂತ ಕೆಲವರು ಹೇಳುತ್ತಾರೆ, ಕೇಳಬೇಡಿ. ಆ ಗುಂಡಿ ಎಲ್ಲಿದೆ ಅಂತ ನೋಡದೆ ಮುಟ್ಟುವಷ್ಟು ಅಭ್ಯಾಸ ಮಾಡಿಕೊಳ್ಳಿ. ಪಕ್ಕದಲ್ಲಿ ಕೂರುವವರಿಗೂ ತೋರಿಸಿ.

ಮೊದಲ ಹಿಚ್

ಓದುತ್ತಾ ಮೈ ಜುಮ್ ಅಂತು ಸರ್. ಹೆಂಡತಿಗೂ ಓದಿ ಹೇಳಿದೆ. ಇಷ್ಟು ಮುಚ್ಚುಮರೆ ಇಲ್ಲದೆ ಬರೆದಿದ್ದಕ್ಕೆ ನಿಮಗೆ ತುಂಬಾ ಧನ್ಯವಾದ.

ಒಂದು ಅನುಮಾನ. ನನ್ನ ಪಿಕಪ್‌ನಲ್ಲಿ ತೂಗಾಟ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಅದು ಸಾಕಾಗುವುದಿಲ್ವಾ? ಇನ್ನೊಂದು, ಟಂಗ್ ವೇಟ್ ಕಡಿಮೆ ಮಾಡಿದರೆ ಪೇಲೋಡ್, ಅಂದರೆ ಪಿಕಪ್ ಹೊರುವ ಶಕ್ತಿ, ಉಳಿಯುತ್ತದೆ ಅಂತ ನಾನು ಯೋಚಿಸುತ್ತಿದ್ದೆ. ಸಾಮಾನನ್ನು ಹಿಂದಕ್ಕೆ ಸರಿಸಿ ಶೇ. 9ಕ್ಕೆ ತಂದರೆ...

ನಿಧಾನವೇ ಚೆನ್ನ

ಬೇಡ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ನಾನು ಗೊತ್ತಿಲ್ಲದೆ ಮಾಡಿದ್ದನ್ನು ನೀವು ಗೊತ್ತಿದ್ದೂ ಮಾಡಿದ ಹಾಗಾಗುತ್ತದೆ. ಪೇಲೋಡ್ ಸಾಲದೆ ಬಂದರೆ ಟ್ರೇಲರ್ ಚಿಕ್ಕದು ಮಾಡಬೇಕು, ಟಂಗ್ ವೇಟ್ ಅಲ್ಲ.

ಎಲೆಕ್ಟ್ರಾನಿಕ್ ವ್ಯವಸ್ಥೆ ತೂಗಾಟ ಶುರುವಾದ ಮೇಲೆ ಎಚ್ಚರಗೊಳ್ಳುತ್ತದೆ. ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ, ಎಂಜಿನ್ ಶಕ್ತಿ ಇಳಿಸಿ ಸರಿ ಮಾಡಲು ನೋಡುತ್ತದೆ. ಇರಲಿ, ಒಳ್ಳೆಯದೇ. ಆದರೆ ಹೊರೆ ಹೇರಿದ ತಪ್ಪನ್ನು ಅದು ಸರಿ ಮಾಡಲಾರದು.

ಘಾಟಿ ದಾರಿ

ಆ 11,200 ಎಲ್ಲಿಂದ ಬಂತು ಅನ್ನುವುದನ್ನೂ ತಿಳಿದುಕೊಳ್ಳಿ. ಮೊದಲೆಲ್ಲ ಒಂದೊಂದು ಕಂಪನಿ ತನಗೆ ಬೇಕಾದ ಹಾಗೆ ಎಳೆಯುವ ಅಂಕಿ ಹೇಳುತ್ತಿತ್ತು. 2008ರಲ್ಲಿ ವಾಹನ ಎಂಜಿನಿಯರ್‌ಗಳ ಸಂಘದ ಎಸ್‌ಎಇ ಜೆ2807 ಅನ್ನುವ ಒಂದೇ ಅಳತೆಗೋಲು ಬಂತು. ಟೊಯೊಟಾದವರು 2011ರ ಟಂಡ್ರಾಗೆ ಅದನ್ನು ಮೊದಲು ಒಪ್ಪಿಕೊಂಡರು. ಫೋರ್ಡ್, ಷೆವ್ರೊಲೆ, ರ‍್ಯಾಮ್ ಹಾಫ್-ಟನ್‌ಗಳು 2015ರ ಹೊತ್ತಿಗೆ ಸೇರಿದವು. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಬಿಸಿಲಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು ಅನ್ನುವುದೂ ಅದರಲ್ಲಿ ಒಂದು ಪರೀಕ್ಷೆ.

ಒಳ್ಳೆಯ, ಕಠಿಣ ಪರೀಕ್ಷೆ. ಆದರೆ ಗಾಡಿಯಲ್ಲಿ ಲೆಕ್ಕ ಹಿಡಿಯುವುದು ಇಬ್ಬರನ್ನು, ತಲಾ 150 ಪೌಂಡ್. ನಿಮ್ಮ ಇಬ್ಬರು ಮಕ್ಕಳು, ನಾಯಿ, ಐಸ್ ಪೆಟ್ಟಿಗೆ, ಬೆಡ್ ಮೇಲಿನ ಮುಚ್ಚಳ ಯಾವುದೂ ಅದರಲ್ಲಿ ಇಲ್ಲ. ಸುಳ್ಳು ಅಂಕಿ ಅಲ್ಲ, ನಿಮ್ಮ ಕುಟುಂಬದ ಅಂಕಿ ಅಲ್ಲ ಅಷ್ಟೇ.

ಕೊಲೊರಾಡೊ ಅಂದಿರಲ್ಲ. ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿ ಹೋಗುವಷ್ಟರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಇರುವುದಿಲ್ಲ. ನಿಮ್ಮದು ಟರ್ಬೊ, ಅಷ್ಟು ಸೊರಗುವುದಿಲ್ಲ. ಆದರೆ ನಾನು ಯೋಚಿಸುವುದು ಹತ್ತುವುದರ ಬಗ್ಗೆ ಅಲ್ಲ. ಹತ್ತಲಾಗದಿದ್ದರೆ ನಿಧಾನ ಆಗುತ್ತದೆ, ಅಷ್ಟೇ ತಾನೇ. ಇಳಿಯಲಾಗದಿದ್ದರೆ?

ಸುರಂಗದಿಂದ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಇಳಿಜಾರು ಶೇ. 7ರವರೆಗೆ ಇದೆ. ಎರಡು ಸಾವಿರ ಅಡಿಗೂ ಜಾಸ್ತಿ ಇಳಿಯಬೇಕು. ಬ್ರೇಕ್ ಕೈಕೊಟ್ಟ ಟ್ರಕ್ಕುಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲಿ ಬೇರೆ ದಾರಿಯನ್ನೇ ಮಾಡಿಟ್ಟಿದ್ದಾರೆ. ಅದನ್ನು ನೋಡಿದರೆ ಸಾಕು, ಇಳಿಜಾರಿನ ಗಂಭೀರತೆ ಗೊತ್ತಾಗುತ್ತದೆ. ಇಳಿಯಲು ಶುರು ಮಾಡುವ ಮೊದಲೇ ವೇಗ ಇಳಿಸಿ, ಗೇರ್ ಇಳಿಸಿ. ಭಾರ ಎಳೆಯುವಾಗ ಗೇರ್ ತಕ್ಕಂತೆ ಬದಲಾಗುವ ಟೋ-ಹಾಲ್ ಮೋಡ್ ಹಾಕಿ. ಎಂಜಿನ್ ಕೂಗುತ್ತದೆ, ಕೂಗಲಿ, ಹಿಡಿದು ನಿಲ್ಲಿಸುತ್ತಿರುವುದು ಅದೇ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ಐದಾರು ಮೈಲಿ ವೇಗ ಇಳಿಸಿ, ಪೂರ್ತಿ ಬಿಡಿ. ಬಿಟ್ಟಾಗ ಬ್ರೇಕ್ ತಣ್ಣಗಾಗುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಕಾಯಿರಿ. ಹಿಂದೆ ಹಾರ್ನ್ ಹೊಡೆಯುವವರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಚಕ್ರ ನೋಡು

ಟ್ರೇಲರ್ ಟೈರ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮಗೆ ದಾರಿಯಲ್ಲಿ ಎರಡು ಸಲ ಟೈರ್ ಸಿಡಿದಿದೆ. ಒಂದು ಸಲ ಚಕ್ರದ ಮೇಲಿನ ಹೊದಿಕೆ, ಕೆಳಗಿನ ಗ್ಯಾಸ್ ಪೈಪು ಎರಡನ್ನೂ ಹರಿದುಹಾಕಿತು.

ಟ್ರೇಲರ್‌ಗೆಂದೇ ಬರುವ ಎಸ್‌ಟಿ ಟೈರ್‌ಗಳಲ್ಲಿ ಹಳೆಯವು ಬಹಳಷ್ಟು ಗಂಟೆಗೆ 65 ಮೈಲಿಗೆ ಮಾಡಿದಂಥವು. ಪಿಕಪ್ 80ರಲ್ಲಿ ಹೋಗುತ್ತದೆ ಅಂತ ಟ್ರೇಲರ್ ಹೋಗಬಾರದು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ ಕಾನೂನೇ 55 ಮೈಲಿ. ಗಾಳಿಯನ್ನು ಬೆಳಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿ. ಬಿಸಿಯಾದಾಗ ಒತ್ತಡ ಏರಿದೆ ಅಂತ ಗಾಳಿ ಬಿಡಬೇಡಿ. ಈ ಟೈರ್‌ಗಳು ಸವೆದು ಹಾಳಾಗುವುದಕ್ಕಿಂತ ವಯಸ್ಸಾಗಿ ಹಾಳಾಗುವುದೇ ಜಾಸ್ತಿ. ಐದಾರು ವರ್ಷ ಆಯಿತು ಅಂದರೆ ಟೈರ್ ಮೇಲಿನ ಗೀರುಗಳು ಹೊಸದರಂತೆ ಕಂಡರೂ ಬದಲಿಸಿ. ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ.

ಚಕ್ರ ಬಿಚ್ಚಿ ಹಾಕಿದ ಮೇಲೆ 50 ಮೈಲಿ ಓಡಿಸಿ ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಅಲಾಯ್ ಚಕ್ರಗಳಲ್ಲಿ ಸಡಿಲ ಆಗುತ್ತವೆ. ಪೆಟ್ರೋಲ್ ಹಾಕಲು ನಿಂತಾಗಲೆಲ್ಲ ಇಳಿದು ನಾಲ್ಕೂ ಹಬ್ ಹತ್ತಿರ ಕೈ ಹಿಡಿದು ನೋಡುತ್ತೇನೆ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬೇರಿಂಗ್ ಅಥವಾ ಬ್ರೇಕ್ ತೊಂದರೆ ಇದೆ ಅಂತ ಅರ್ಥ.

ಹಳೇ ಪಿಕಪ್

ಹೇಳಿದಂತೆ ತೂಗಿಸಿ ಬಂದೆ. ಟ್ರೇಲರ್ 8,460. ಟಂಗ್ ವೇಟ್ 1,180, ಶೇ. 14ರ ಹತ್ತಿರ. ಅದು ಸರಿಯಾಗೇ ಇದೆ, ಅದಕ್ಕೇ ಇಷ್ಟು ವರ್ಷ ನೆಟ್ಟಗೆ ಓಡಿದೆ ಅನಿಸುತ್ತದೆ. ಆದರೆ ಪಿಕಪ್ ತನ್ನ ಒಟ್ಟು ಮಿತಿಗಿಂತ 310 ಪೌಂಡ್ ಜಾಸ್ತಿ ಇದೆ. ಹಿಂದಿನ ಆಕ್ಸಲ್ ಕೂಡ 60 ಪೌಂಡ್ ಜಾಸ್ತಿ. ಒಳಗಿದೆ ಅಂತ ನಾನು ಅಂದುಕೊಂಡಿದ್ದು ತಪ್ಪಾಗಿತ್ತು. ಬೆಡ್‌ನಲ್ಲಿ ಸೌದೆ, ಜನರೇಟರ್, ಸಲಕರಣೆ ಪೆಟ್ಟಿಗೆ ವರ್ಷವಿಡೀ ಇರುತ್ತಿದ್ದವು. ಮೊದಲು ಅವನ್ನು ಇಳಿಸುತ್ತೇನೆ. ಅದಾದ ಮೇಲೆ ಇದಕ್ಕಿಂತ ಭಾರ ವರ್ಗದ ಮುಕ್ಕಾಲು-ಟನ್ ಪಿಕಪ್ ನೋಡಬೇಕು.

ಹೊಸಬರಿಗೆ ನಾನು ಮೊದಲು ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ತೂಗಿಸಿಯೇ ಮುಂದುವರಿಯಿರಿ.

ಘಾಟಿ ದಾರಿ

ಹೀಗೆ ಮುಕ್ತವಾಗಿ ಹೇಳಿದ್ದಕ್ಕೆ ನಮಸ್ಕಾರ ಸರ್. ಮುಕ್ಕಾಲು-ಟನ್ ನೋಡುವಾಗಲೂ ಬಾಗಿಲ ಸ್ಟಿಕ್ಕರ್ ನೋಡಿಯೇ ತೆಗೆದುಕೊಳ್ಳಿ. ಡೀಸೆಲ್ ಎಂಜಿನ್ ತುಂಬಾ ಭಾರ. ಕೆಲವು ಮುಕ್ಕಾಲು-ಟನ್‌ಗಳ ಒಟ್ಟು ಮಿತಿಯನ್ನು 10,000 ಪೌಂಡ್‌ಗೇ ನಿಲ್ಲಿಸಿರುತ್ತಾರೆ. ಐಷಾರಾಮಿ ಸೀಟು, ಸನ್‌ರೂಫ್, ಡೀಸೆಲ್ ಎಲ್ಲ ಸೇರಿದರೆ ಹೊರುವ ಶಕ್ತಿ 2,000 ಆಸುಪಾಸಿಗೆ ಬಂದು ನಿಲ್ಲಬಹುದು. ಅದೇ ಗಾಡಿ ಪೆಟ್ರೋಲ್ ಎಂಜಿನ್‌ನಲ್ಲಿ ಎಷ್ಟೋ ಜಾಸ್ತಿ ಹೊರುತ್ತದೆ. ಉದ್ದ ಇಳಿಜಾರುಗಳಲ್ಲಿ ಡೀಸೆಲ್‌ನ ಎಕ್ಸಾಸ್ಟ್ ಬ್ರೇಕ್ ಸುಖ ಮಾತ್ರ ಬೇರೆಯೇ. ನಿಮಗೆ ಯಾವುದು ಮುಖ್ಯ ಅಂತ ನೋಡಿಕೊಳ್ಳಿ.

ಮೊದಲ ಹಿಚ್

ನಾವೂ ತೂಗಿಸಿ ಬಂದೆವು. ನಾಲ್ಕೂ ಜನ ಕೂತು, ಟ್ಯಾಂಕ್ ಫುಲ್ ಮಾಡಿ, ದಿನಾ ಇರುವ ಸಾಮಾನು ಹಾಗೇ ಬಿಟ್ಟು. 6,270 ಪೌಂಡ್. ಗಾಡಿಯ ಮಿತಿ 7,050. ಉಳಿದದ್ದು 780. ಹಿಚ್ ಉಪಕರಣ 90 ಕಳೆದರೆ 690. ಇದನ್ನೇ ಶೇ. 13 ಅಂದುಕೊಂಡರೆ ಟ್ರೇಲರ್ ತುಂಬಿದಾಗ 5,300 ಪೌಂಡ್ ಮೀರುವ ಹಾಗಿಲ್ಲ. 11,200 ಅಂತ ನಂಬಿಕೊಂಡು ಕೂತಿದ್ದೆವು.

ಆ 30 ಅಡಿಯದನ್ನು ಬಿಟ್ಟೆವು. ಮಗನಿಗೆ ಅದರಲ್ಲಿದ್ದ ಬಂಕ್ ಹಾಸಿಗೆ ತುಂಬಾ ಇಷ್ಟ ಆಗಿತ್ತು, ಸ್ವಲ್ಪ ಅತ್ತ. ಈಗ 22 ಅಡಿಯದು ಒಂದು ಸಿಕ್ಕಿದೆ, ಬಳಸಿದ್ದು. ಖಾಲಿ 3,900, ಜಿವಿಡಬ್ಲ್ಯೂಆರ್ 5,200. ಪೂರ್ತಿ ತುಂಬಿದರೂ ಶೇ. 13 ಅಂದರೆ 676. ಬರೀ 14 ಪೌಂಡ್ ಉಳಿಯುತ್ತದೆ, ಕಡಿಮೆಯಾಯಿತು ಅಂತ ಗೊತ್ತು. ಬೆಡ್‌ನಲ್ಲಿದ್ದ ಸಲಕರಣೆ ಪೆಟ್ಟಿಗೆ 110 ಪೌಂಡ್ ಇತ್ತು, ಅದನ್ನು ಇಳಿಸಿಬಿಟ್ಟೆ. ಇದರಲ್ಲೂ ಬಂಕ್ ಇದೆ, ಚಿಕ್ಕದು.

ಬ್ರೇಕ್ ಕಂಟ್ರೋಲರ್‌ನಲ್ಲಿ ಗೇನ್, ಅಂದರೆ ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವುದು, ಎಷ್ಟಕ್ಕೆ ಇಡಬೇಕು?

ತೂಕದ ಚೀಟಿ

ಪೆಟ್ಟಿಗೆ ಇಳಿಸಿದ್ದು ಸರಿಯಾಯಿತು. ನೀರನ್ನು ತಂಗುವ ಜಾಗದಲ್ಲೇ ತುಂಬಿಕೊಂಡರೆ ಇನ್ನೂ ಹಗುರ ಆಗುತ್ತದೆ. ಆದರೆ ಟ್ಯಾಂಕ್ ಆಕ್ಸಲ್‌ಗಿಂತ ಮುಂದೆ ಇದೆಯಾ, ಹಿಂದೆ ಇದೆಯಾ ನೋಡಿ. ಮುಂದೆ ಇದ್ದರೆ ಖಾಲಿ ಮಾಡಿದಾಗ ಟಂಗ್ ವೇಟ್ ಇಳಿಯುತ್ತದೆ.

ಗೇನ್‌ಗೆ ಇಂತಿಷ್ಟೇ ಅಂತ ಅಂಕಿ ಇಲ್ಲ. ಟ್ರೇಲರ್ ತುಂಬಿಕೊಂಡು, ಖಾಲಿ, ಒಣ, ಸಮತಟ್ಟು ರಸ್ತೆಯಲ್ಲಿ 25 ಮೈಲಿ ವೇಗದಲ್ಲಿ ಹೋಗಿ. ಕೈ ಗುಂಡಿಯನ್ನು ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಲಾಕ್ ಆಗಿ ಜಾರಿದರೆ ಗೇನ್ ಇಳಿಸಿ. ಎಳೆದದ್ದೇ ಗೊತ್ತಾಗದಿದ್ದರೆ ಏರಿಸಿ. ಲಾಕ್ ಆಗುವುದಕ್ಕೆ ಸ್ವಲ್ಪ ಮುಂಚೆ ನಿಂತರೆ ಅದೇ ಸರಿ. ಮಳೆ ಬಂದರೆ ಮತ್ತೆ ಸ್ವಲ್ಪ ಇಳಿಸಬೇಕು.

ನಿಧಾನವೇ ಚೆನ್ನ

ಸುರಕ್ಷತಾ ಸರಪಳಿಗಳನ್ನು ಕಪ್ಲರ್ (ಬಾಲ್ ಮೇಲೆ ಕೂರುವ ಟ್ರೇಲರ್‌ನ ಕೊಂಡಿ) ಕೆಳಗೆ ಅಡ್ಡಡ್ಡ ಹಾಕಿ. ಬಾಲ್‌ನಿಂದ ಕಳಚಿದರೂ ಟಂಗ್ ರಸ್ತೆಗೆ ಬೀಳದೆ ಅದರ ಮೇಲೆ ಕೂರುತ್ತದೆ. ಬ್ರೇಕ್‌ಅವೇ ತಂತಿಯನ್ನು ಸರಪಳಿಗೆ ಸಿಕ್ಕಿಸಬೇಡಿ, ಪಿಕಪ್‌ಗೇ ಬೇರೆಯಾಗಿ ಕಟ್ಟಿ. ಟ್ರೇಲರ್ ಪೂರ್ತಿ ಬಿಟ್ಟುಹೋದರೆ ಆ ತಂತಿಯೇ ಪಿನ್ ಎಳೆದು ಅದರ ಬ್ರೇಕ್ ಹಾಕುವುದು. ಅದಕ್ಕೆ ಟ್ರೇಲರ್ ಬ್ಯಾಟರಿ ಚಾರ್ಜ್ ಇರಬೇಕು. ಮೊದಲ ಪ್ರಯಾಣ ಹತ್ತಿರದ ಜಾಗಕ್ಕೇ ಇರಲಿ, ಕೊಲೊರಾಡೊ ಎರಡು ಮೂರು ಸಲ ಓಡಿಸಿದ ಮೇಲೆ.

ಮೊದಲ ಹಿಚ್

ಖಂಡಿತ ಸರ್. ಹೆಂಡತಿಯೂ ಓಡಿಸಲು ಕಲಿಯುತ್ತೇನೆ ಅಂದಿದ್ದಾಳೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಹಿಂದಕ್ಕೆ ತೆಗೆಯುವುದನ್ನು ಇಬ್ಬರೂ ಅಭ್ಯಾಸ ಮಾಡುತ್ತೇವೆ.

ಚಕ್ರ ನೋಡು ಮೇಡಂ, ನೀವು ಹೇಳಿದ ಹಾಗೆ ಟೈರ್ ನೋಡಿದೆ. ನಾಲ್ಕರಲ್ಲೂ 2317 ಅಂತ ಇದೆ. ಅಂದರೆ 2017ರ 23ನೇ ವಾರ ಅಲ್ವಾ?

ಚಕ್ರ ನೋಡು

ಹೌದು. ನೋಡಲು ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಮಕ್ಕಳನ್ನು ಕರೆದುಕೊಂಡು ಹೆದ್ದಾರಿ ಹತ್ತಬೇಡಿ. ನಾಲ್ಕನ್ನೂ ಬದಲಿಸಿ. ಸ್ಟೆಪ್ನಿಯ ವಯಸ್ಸನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಮೊದಲ ಹಿಚ್

ಸ್ಟೆಪ್ನಿಯೂ ಅದೇ ವರ್ಷದ್ದು ಮೇಡಂ. ಐದೂ ಹೊಸದು ಹಾಕಿ ಕೊಟ್ಟರೆ ಮಾತ್ರ ಅಂತ ಮಾರುವವರಿಗೆ ಹೇಳಿದೆ, ಒಪ್ಪಿದ್ದಾರೆ. ಚೀಟಿಯಲ್ಲಿ ಬರೆಸಿಕೊಂಡು ಶನಿವಾರ ಮುಂಗಡ ಕೊಡುತ್ತಿದ್ದೇವೆ. ಟ್ರೇಲರ್ ತಂದ ದಿನವೇ ತುಂಬಿಸಿ, ಮೂರು ಸಲ ತೂಗಿಸಿ, ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.